ಹಾಲುಹಲ್ಲು, ತೆಂಗಿನಕಾಯಿ, ಗಡಿಯಾರ: ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೂತಾಗ ಪ್ರಶ್ನೆ ಏನಾಗುತ್ತದೆ?

(ಸಂಶೋಧನಾ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವೂ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ಹಲ್ಲಿನಿಂದ ಶುರು ಮಾಡುತ್ತೇನೆ. ಆರೇಳು ವರ್ಷದ ಮಗುವಿನ ಬಾಯಿಂದ ಉದುರಿದ ಹಾಲುಹಲ್ಲು. ಮನೆಯಲ್ಲಿ ಒಂದು ದಿನ ಅದೇ ಮಾತು. ಆಮೇಲೆ ಆ ಹಲ್ಲು ಎಲ್ಲಿಗೆ ಹೋಯಿತು ಅಂತ ಯಾರಿಗೂ ನೆನಪಿರುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಚೆಲ್ಸಿ ಮತ್ತು ಸೊಮರ್‌ವಿಲ್ ಎಂಬ ಎರಡು ಊರುಗಳಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಅಂಥ ಹಲ್ಲುಗಳನ್ನು ಕೂಡಿಸಲು ಹೊರಟರು. ಒಂದನೇ ಮತ್ತು ಎರಡನೇ ತರಗತಿಯ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳ ಹಲ್ಲುಗಳು ಅವರ ಕೈಸೇರಿದವು.

ಹಲ್ಲೇ ಯಾಕೆ? ಅವರು ಹುಡುಕುತ್ತಿದ್ದದ್ದು ಸೀಸವನ್ನು. ಸೀಸ ಮೈಯೊಳಗೆ ಹೋದರೆ ಮೊದಲು ರಕ್ತದಲ್ಲಿ ಇರುತ್ತದೆ. ಕೆಲವು ವಾರಗಳಲ್ಲಿ ಅಲ್ಲಿಂದ ಕಡಿಮೆಯಾಗಿ ಮೂಳೆಗೆ, ಹಲ್ಲಿಗೆ ಸೇರಿಕೊಳ್ಳುತ್ತದೆ. ಮೈಗೆ ಅದು ಕ್ಯಾಲ್ಸಿಯಂ ಥರವೇ ಕಾಣುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿದರೆ ಈಚಿನ ಸಮಾಚಾರ ಮಾತ್ರ ಸಿಗುತ್ತದೆ. ಹಿಂದಿನ ವರ್ಷಗಳ ಲೆಕ್ಕ ಹಲ್ಲಿನಲ್ಲಿ ಕೂತಿರುತ್ತದೆ. ಮಗುವಿಗೆ ನೋವು ಮಾಡದೆ, ಸೂಜಿ ಚುಚ್ಚದೆ, ತಾನಾಗಿ ಉದುರಿದ ಹಲ್ಲಿನಿಂದ ಆ ಲೆಕ್ಕ ಓದಬಹುದು ಅಂತ ಹೊಳೆದದ್ದು ದೊಡ್ಡ ವಿಷಯ.

ಇನ್ನೊಂದು ಕಡೆ ಆ ಮಕ್ಕಳ ಶಿಕ್ಷಕರಿಗೆ ಒಂದು ಚಿಕ್ಕ ಪ್ರಶ್ನೆಪಟ್ಟಿ ಕೊಟ್ಟರು. ಈ ಮಗುವಿನ ಗಮನ ಬೇಗ ಚೆದುರುತ್ತದಾ? ಹಗಲುಗನಸು ಕಾಣುತ್ತಾ ಕೂತಿರುತ್ತದಾ? ಸರಳವಾದ ಸೂಚನೆ ಕೊಟ್ಟರೆ ಅದರಂತೆ ಮಾಡಲು ಬರುತ್ತದಾ? ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸ ಇದೆ ಅಂತ ಶಿಕ್ಷಕರಿಗೆ ಗೊತ್ತಿರಲಿಲ್ಲ. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಲ್ಲಿನಲ್ಲಿ ಸೀಸ ಹೆಚ್ಚಾದ ಹಾಗೆಲ್ಲ ಶಿಕ್ಷಕರ ದೂರೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಿತ್ತು. ಆ ಮಕ್ಕಳಲ್ಲಿ ಯಾರಿಗೂ ಸೀಸದ ವಿಷ ಏರಿದ ಕಾಯಿಲೆಯ ಲಕ್ಷಣ ಇರಲಿಲ್ಲ. ಎಲ್ಲರೂ ನೋಡಲು ಚೆನ್ನಾಗಿಯೇ ಇದ್ದರು. ಆಡುತ್ತಿದ್ದರು, ಶಾಲೆಗೆ ಬರುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಲ್ಲಿಯವರೆಗೆ ಕೇಳುತ್ತಿದ್ದ ಪ್ರಶ್ನೆ ಯಾವುದು? ‘ಈ ಹುಡುಗ ಯಾಕೆ ಪಾಠದ ಮೇಲೆ ಗಮನ ಕೊಡುವುದಿಲ್ಲ?’ ಅದು ಶಿಕ್ಷಕರ ಪ್ರಶ್ನೆ. ಉತ್ತರ ಹುಡುಗನಲ್ಲೇ ಇರಬೇಕು, ಇಲ್ಲವೇ ಅವನ ಮನೆಯಲ್ಲಿ ಇರಬೇಕು, ಇಲ್ಲವೇ ಪಾಠ ಮಾಡುವ ರೀತಿಯಲ್ಲಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ವೈದ್ಯರ ಹಲ್ಲು ಮತ್ತು ಶಿಕ್ಷಕರ ಪಟ್ಟಿ ಒಂದೇ ಮೇಜಿನ ಮೇಲೆ ಬಂದ ಮೇಲೆ ಪ್ರಶ್ನೆಯೇ ಬೇರೆ ಆಯಿತು. ‘ಈ ಹುಡುಗ ಯಾವ ಗಾಳಿ ಉಸಿರಾಡುತ್ತಿದ್ದಾನೆ? ಅವನು ಮಲಗುವ ಕೋಣೆಯ ಗೋಡೆಗೆ ಬಳಿದ ಬಣ್ಣದಲ್ಲಿ ಏನಿದೆ?’

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಶಿಕ್ಷಣ, ಸಮಾಜ, ಕೆಲಸದ ಕ್ಷೇತ್ರಗಳ ಬಗ್ಗೆ ಬೇರೆ ಬೇರೆ ವಿಭಾಗದವರು ಸೇರಿ ಸಂಶೋಧನೆ ಮಾಡುತ್ತೇವೆ ಅಂತೀವಲ್ಲ, ಅದು ನಿಜವಾಗಿ ನಡೆದಿದೆಯಾ ಇಲ್ಲವಾ ಅಂತ ತಿಳಿಯಲು ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಸೇರಿದ ಮೇಲೆ ಪ್ರಶ್ನೆ ಬದಲಾಯಿತಾ? ಬದಲಾಗಿದ್ದರೆ ಸೇರಿದ್ದಕ್ಕೆ ಅರ್ಥವಿದೆ. ಬಂದಾಗ ಇದ್ದ ಪ್ರಶ್ನೆಯನ್ನೇ ಎತ್ತಿಕೊಂಡು ಎಲ್ಲರೂ ವಾಪಸ್ ಹೋದರೆ, ಒಂದು ಚಹಾ ಕೂಟ ನಡೆಯಿತು ಅಷ್ಟೆ.

ಸೀಸದ ಕಥೆ ಇನ್ನೂ ಮುಗಿದಿಲ್ಲ. ಆ ಗಾಳಿಗೆ ಸೀಸ ಎಲ್ಲಿಂದ ಬಂತು? ಬಹುಪಾಲು ಪೆಟ್ರೋಲಿನಿಂದ. ಎಂಜಿನ್ ಬಡಿದುಕೊಳ್ಳದೆ ಓಡಲಿ ಅಂತ 1923ರಿಂದ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಗಾಳಿ, ನೀರು, ಮಣ್ಣು ಎಲ್ಲ ಕಡೆ ಹರಡಿದೆ ಅಂತ ಗಟ್ಟಿಯಾಗಿ ಹೇಳಿದವರಲ್ಲಿ ಮುಖ್ಯರಾದವರು ವೈದ್ಯರೂ ಅಲ್ಲ, ಶಿಕ್ಷಕರೂ ಅಲ್ಲ. ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನ ವಿಜ್ಞಾನಿ. ಉಲ್ಕೆಯ ಕಲ್ಲಿನಲ್ಲಿರುವ ಸೀಸವನ್ನು ಅಳೆದು ಭೂಮಿಯ ವಯಸ್ಸು ಕಂಡುಹಿಡಿಯುವುದು ಅವರ ಕೆಲಸ. 1956ರಲ್ಲಿ ಅವರು ಕೊಟ್ಟ ಉತ್ತರ ಸುಮಾರು 455 ಕೋಟಿ ವರ್ಷ. ಆದರೆ ಅಳೆಯಲು ಹೋದಾಗಲೆಲ್ಲ ಲೆಕ್ಕ ಕೆಡುತ್ತಿತ್ತು. ಯಾಕಂದ್ರೆ ಪ್ರಯೋಗಾಲಯದ ಧೂಳಿನಲ್ಲಿ, ಗಾಳಿಯಲ್ಲಿ, ಅವರ ಬಟ್ಟೆಯಲ್ಲಿ ಎಲ್ಲ ಕಡೆ ಸೀಸ. ಅದನ್ನು ಹೊರಗಿಡಲು ಅತಿ ಶುಚಿಯಾದ ಪ್ರಯೋಗಾಲಯವನ್ನೇ ಕಟ್ಟಿದರು. ಆಮೇಲೆ ‘ಇಷ್ಟೊಂದು ಸೀಸ ಎಲ್ಲಿಂದ ಬರ್ತಿದೆ?’ ಅಂತ ಹುಡುಕಲು ಹೊರಟರು. 1965ರಲ್ಲಿ ಅದರ ಬಗ್ಗೆ ಬರೆದರು.

ಭೂಮಿಯ ವಯಸ್ಸು ಹುಡುಕಲು ಹೋದವರಿಗೆ ಅಡ್ಡ ಬಂದ ಧೂಳು, ಒಂದನೇ ತರಗತಿಯ ಹಿಂದಿನ ಬೆಂಚಿನ ಮಗುವಿನ ಕಥೆಯೂ ಆಯಿತು. ಇದನ್ನು ಯಾವ ವಿಭಾಗದ ಮುಖ್ಯಸ್ಥರೂ ಯೋಜನೆ ಹಾಕಿ ಮಾಡಿಸಲಿಲ್ಲ.

ನೀಡಲ್‌ಮನ್ ಅವರಿಗೆ ಇದು ಸುಲಭದ ದಾರಿ ಆಗಿರಲಿಲ್ಲ. 1990ರ ದಶಕದ ಶುರುವಿನಲ್ಲಿ ಅವರ ಮೇಲೆ ಸಂಶೋಧನೆಯಲ್ಲಿ ವಂಚನೆ ಮಾಡಿದ ಆರೋಪ ಬಂತು. ಆರೋಪ ಮಾಡಿದವರು ಸೀಸದ ಉದ್ಯಮದ ಪರವಾಗಿ ಸಾಕ್ಷಿ ಹೇಳಿದ್ದ ತಜ್ಞರು. ವಿಚಾರಣೆ ನಡೆದು, ಅವರು ವಂಚನೆ ಮಾಡಿಲ್ಲ ಎಂದು ತೀರ್ಮಾನವಾಯಿತು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 1996ರಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ನಿಂತದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ.

ಈಗ ಕೆಲವು ಹೆಸರುಗಳ ವಿಚಾರ. ಬಹುಶಿಸ್ತೀಯ, ಅಂತರಶಿಸ್ತೀಯ ಅಂತೆಲ್ಲ ಪದಗಳಿವೆ. ಹಲವು ವಿಭಾಗದವರು ಒಂದೇ ವಿಷಯದ ಬಗ್ಗೆ ತಮ್ಮ ತಮ್ಮ ರೀತಿಯಲ್ಲಿ ಬರೆದರೆ ಮೊದಲನೆಯದು. ಒಬ್ಬರ ವಿಧಾನ ಇನ್ನೊಬ್ಬರ ವಿಧಾನದೊಳಗೆ ಇಳಿದರೆ ಎರಡನೆಯದು. ಪರೀಕ್ಷೆಗೆ ಇಷ್ಟು ಸಾಕು. ಇದರ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುವುದನ್ನು ನೋಡಿದ್ದೇನೆ. ಆ ಸಮಯದಲ್ಲಿ ಒಂದು ತರಗತಿಗೆ ಹೋಗಿ ಕೂತು ಬಂದಿದ್ದರೆ ಜಾಸ್ತಿ ಉಪಯೋಗ ಆಗುತ್ತಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇಂಥ ಉಪನ್ಯಾಸದಲ್ಲಿ ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆ ಹೇಳುವುದು ವಾಡಿಕೆ. ನಾನು ಹೇಳುವುದಿಲ್ಲ. ಆ ಕಥೆಯಲ್ಲಿ ಆನೆ ಮೊದಲೇ ಅಲ್ಲಿ ನಿಂತಿದೆ. ಎಲ್ಲರ ಉತ್ತರ ಕೂಡಿಸಿದರೆ ಸಾಕು, ಆನೆ ಸಿಕ್ಕಿತು. ನಮ್ಮ ಕೆಲಸದಲ್ಲಿ ಹಾಗಾಗುವುದಿಲ್ಲ. ಒಬ್ಬರ ಉತ್ತರ ಸರಿಯಾದರೆ ಇನ್ನೊಬ್ಬರ ಲೆಕ್ಕ ಹಾಕುವ ರೀತಿಯೇ ತಪ್ಪಾಗಬಹುದು. ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೀನ್ಯಾದ ಪಶ್ಚಿಮಕ್ಕೆ ಬುಸಿಯಾ ಎಂಬ ಜಿಲ್ಲೆ. ಅಲ್ಲಿ ಶಾಲೆಗೆ ಹೋಗುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳ ಹೊಟ್ಟೆಯಲ್ಲಿ ಜಂತುಹುಳು ಇತ್ತು. ಮಾತ್ರೆ ಕೊಟ್ಟರೆ ಹುಳು ಹೋಗುತ್ತದೆ, ಅದು ವೈದ್ಯರಿಗೆ ಗೊತ್ತಿತ್ತು. ಹುಳು ಹೋದರೆ ಮಕ್ಕಳು ಶಾಲೆಗೆ ಹೆಚ್ಚು ಬರುತ್ತಾರಾ? ಎಡ್ವರ್ಡ್ ಮಿಗೆಲ್ ಮತ್ತು ಮೈಕಲ್ ಕ್ರೆಮರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ನೋಡಲು ಹೊರಟರು. ಕ್ರೆಮರ್ ಅವರಿಗೆ ಆಮೇಲೆ, 2019ರಲ್ಲಿ, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ಜೊತೆ ನೊಬೆಲ್ ಬಂತು.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ಶಾಲೆಯ ಅರ್ಧ ಮಕ್ಕಳಿಗೆ ಮಾತ್ರೆ ಕೊಡುತ್ತಾರೆ, ಅರ್ಧ ಮಕ್ಕಳಿಗೆ ಇಲ್ಲ. ಆಮೇಲೆ ಎರಡನ್ನೂ ಹೋಲಿಸುತ್ತಾರೆ. ಇಲ್ಲಿ ಜೀವಶಾಸ್ತ್ರ ಅಡ್ಡ ಬರುತ್ತದೆ. ಹುಳು ಹರಡುವುದು ಮಲದ ಮೂಲಕ, ಮಣ್ಣಿನ ಮೂಲಕ. ಮಾತ್ರೆ ತಿಂದ ಮಗು ಹುಳುವಿನ ಮೊಟ್ಟೆ ಹೊರಗೆ ಬಿಡುವುದು ನಿಲ್ಲುತ್ತದೆ. ಆಗ ಅದರ ಜೊತೆ ಆಡುವ, ಮಾತ್ರೆ ತಿನ್ನದ ಮಗುವಿಗೂ ಸೋಂಕು ಕಡಿಮೆಯಾಗುತ್ತದೆ. ಅಂದರೆ ಹೋಲಿಸಲು ಇಟ್ಟುಕೊಂಡ ಗುಂಪೂ ಸುಮ್ನೆ ಉದ್ಧಾರವಾಗುತ್ತದೆ! ಎರಡು ಗುಂಪಿನ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಮಾತ್ರೆಯಿಂದ ಪ್ರಯೋಜನ ಇಲ್ಲ ಅಂತ ನಾವು ಬರೆದುಬಿಡುತ್ತೇವೆ.

ಹುಳು ಹೇಗೆ ಹರಡುತ್ತದೆ ಅಂತ ಗೊತ್ತಿಲ್ಲದ ಲೆಕ್ಕಿಗ ಎಷ್ಟೇ ಜಾಣನಾಗಿದ್ದರೂ ಇಲ್ಲಿ ಎಡವುತ್ತಾನೆ. ಹಾಗಾಗಿ ಅವರು ಮಕ್ಕಳನ್ನು ವಿಂಗಡಿಸಲಿಲ್ಲ, ಇಡೀ ಶಾಲೆಗಳನ್ನೇ ವಿಂಗಡಿಸಿದರು. 75 ಶಾಲೆಗಳು, 25ರ ಮೂರು ಗುಂಪು. ಒಂದು ಗುಂಪಿಗೆ 1998ರಿಂದ ಮಾತ್ರೆ, ಇನ್ನೊಂದಕ್ಕೆ 1999ರಿಂದ, ಮೂರನೆಯದಕ್ಕೆ 2001ರಿಂದ.

ಮಕ್ಕಳು ಶಾಲೆಗೆ ಬಂದರಾ ಅಂತ ತಿಳಿದದ್ದು ಹೇಗೆ? ಹಾಜರಿ ಪುಸ್ತಕ ನೋಡಿ ಬರೆದುಕೊಳ್ಳಲಿಲ್ಲ. ಮೊದಲೇ ತಿಳಿಸದೆ ಶಾಲೆಗೆ ಹೋಗಿ, ಅವತ್ತು ಯಾರ್ಯಾರು ನಿಜವಾಗಿ ಕೂತಿದ್ದಾರೆ ಅಂತ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶಾಲೆ ತಪ್ಪಿಸುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ. ಇದನ್ನೂ ಅವರು ಮುಚ್ಚಿಡಲಿಲ್ಲ.

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ, ಆದರೆ ಪ್ರಾಮಾಣಿಕ ಆಗುವುದಿಲ್ಲ. ಅವರು ತಮ್ಮ ಮಾಹಿತಿಯನ್ನೆಲ್ಲ ಬೇರೆಯವರಿಗೆ ಕೊಟ್ಟರು. ಸಾಂಕ್ರಾಮಿಕ ರೋಗಗಳನ್ನು ಅಧ್ಯಯನ ಮಾಡುವವರು ಅದನ್ನು ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಮೊದಲಿನ ಲೆಕ್ಕದಲ್ಲಿ ತಪ್ಪುಗಳು ಸಿಕ್ಕವು. ಮಾತ್ರೆ ಸಿಗದ ದೂರದ ಶಾಲೆಗಳಿಗೂ ಲಾಭ ಹರಡಿತು ಎಂದು ಮೊದಲು ಹೇಳಿದ್ದ ಭಾಗ ದುರ್ಬಲವಾಯಿತು. ಹಾಜರಿಯ ಭಾಗದ ಬಗ್ಗೆ ಎರಡೂ ಕಡೆಯವರು ಒಪ್ಪಲಿಲ್ಲ. ಇನ್ನೊಂದು ಕಡೆ, ಅದೇ ಮಕ್ಕಳನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಬಂತು. ಎರಡು ಮೂರು ವರ್ಷ ಜಾಸ್ತಿ ಮಾತ್ರೆ ಸಿಕ್ಕವರ ಗಂಟೆಯ ಗಳಿಕೆ 13 ಶೇಕಡಾ ಹೆಚ್ಚಿತ್ತು ಅಂತ ಅದು ಹೇಳಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವೈದ್ಯಕೀಯ ಪರಿಶೀಲನೆಗಳು ಅಷ್ಟು ದೊಡ್ಡ ಪ್ರಯೋಜನ ಕಾಣುವುದಿಲ್ಲ ಅಂತಲೇ ಹೇಳುತ್ತಾ ಬಂದಿವೆ.

ಈ ಜಗಳವನ್ನು ನೋಡಿ ಕೆಲವರಿಗೆ ಬೇಸರ ಆಗುತ್ತದೆ. ನನಗೆ ಇದರಲ್ಲಿ ತುಂಬಾ ಭರವಸೆ ಕಾಣುತ್ತದೆ. ಅರ್ಥಶಾಸ್ತ್ರದವರು ‘ಸಾಕ್ಷ್ಯ’ ಅಂದರೆ ಒಂದು ಅರ್ಥ, ವೈದ್ಯಕೀಯದವರು ಅಂದರೆ ಇನ್ನೊಂದು. ಆ ವ್ಯತ್ಯಾಸ ಎಷ್ಟೋ ವರ್ಷದಿಂದ ಇತ್ತು. ಎರಡು ವಿಭಾಗಗಳು ಬೇರೆ ಬೇರೆ ಕಟ್ಟಡದಲ್ಲಿ ಇದ್ದಷ್ಟು ದಿನ ಅದು ಯಾರ ಗಮನಕ್ಕೂ ಬರಲಿಲ್ಲ. ಒಂದೇ ಮಾಹಿತಿಯ ಮುಂದೆ ಇಬ್ಬರೂ ಕೂತಾಗ ಹೊರಗೆ ಬಂತು. ಮಾಹಿತಿಯನ್ನು ತೆರೆದಿಟ್ಟದ್ದರಿಂದ ಬಂತು. ನಿಮ್ಮ ಮಾಹಿತಿಯನ್ನು ಬೇರೆ ವಿಭಾಗದವರ ಕೈಗೆ ಕೊಡಲು ನೀವು ಹೆದರುತ್ತಿದ್ದರೆ, ಒಟ್ಟಿಗೆ ಕೆಲಸ ಮಾಡುತ್ತೇವೆ ಅನ್ನುವ ಮಾತು ಬೇಡ.

ಈಗ ತೆಂಗಿನಕಾಯಿಗೆ ಬರೋಣ. ಇದು ನನಗೆ ಬಹಳ ಇಷ್ಟವಾದ ಅಧ್ಯಯನ.

ಬ್ರೆಜಿಲ್‌ನ ರೆಸಿಫೆ ನಗರ. ಬೀದಿ ಬದಿಯಲ್ಲಿ, ಸಂತೆಯಲ್ಲಿ ವ್ಯಾಪಾರ ಮಾಡುವ 9ರಿಂದ 15 ವರ್ಷದ ಐವರು ಮಕ್ಕಳು. ತೆರೆಜಿನ್ಯಾ ಕರಾಹರ್, ಡೇವಿಡ್ ಕರಾಹರ್, ಅನಾಲೂಸಿಯಾ ಶ್ಲಿಮನ್ ಎಂಬ ಮೂವರು ಮನೋವಿಜ್ಞಾನಿಗಳು ಅವರ ಹತ್ತಿರ ಗಿರಾಕಿಗಳ ಹಾಗೆ ಹೋದರು. ಒಂದು ತೆಂಗಿನಕಾಯಿ 35 ಕ್ರುಝೇರೋ. ಹತ್ತು ಕೊಡು, ಎಷ್ಟಾಯಿತು? ಹನ್ನೆರಡು ವರ್ಷದ ಹುಡುಗನ ಲೆಕ್ಕ ಹೀಗೆ ಹೋಗುತ್ತದೆ: ಮೂರಕ್ಕೆ 105. ಇನ್ನು ಮೂರು ಸೇರಿದರೆ 210. ಇನ್ನೂ ನಾಲ್ಕು ಬೇಕು. ಅಲ್ಲಿಗೆ 315... 350 ಆಯಿತು.

ಹತ್ತರಿಂದ ಗುಣಿಸಲು ಪಕ್ಕದಲ್ಲಿ ಒಂದು ಸೊನ್ನೆ ಹಾಕಿದರೆ ಸಾಕು ಅಂತ ಶಾಲೆ ಹೇಳಿಕೊಟ್ಟಿರುತ್ತದೆ. ಹುಡುಗ ಅದರ ಗೊಡವೆಗೇ ಹೋಗಲಿಲ್ಲ. ಮೂರು ಕಾಯಿಗೆ 105 ಅನ್ನುವುದು ದಿನಾ ಬಾಯಲ್ಲಿ ಬರುವ ಲೆಕ್ಕ. ಅದನ್ನೇ ಮೆಟ್ಟಿಲು ಮಾಡಿಕೊಂಡು ಏರಿದ.

ಇನ್ನೊಂದು ಸಲ ನಾಲ್ಕು ಕಾಯಿಗೆ ಎಷ್ಟು ಅಂತ ಕೇಳಿದಾಗ, 105ಕ್ಕೆ 30 ಸೇರಿಸಿ, ಆಮೇಲೆ ಉಳಿದ ಐದನ್ನೂ ಸೇರಿಸಿ 140 ಅಂತ ಬಾಯಲ್ಲೇ ಸರಿಯಾಗಿ ಹೇಳಿದ ಹುಡುಗನ ಉದಾಹರಣೆ ಇದೆ. ಅದೇ ಹುಡುಗನ ಕೈಗೆ ಆಮೇಲೆ ಪೆನ್ಸಿಲ್ ಕೊಟ್ಟರು. 35 ಗುಣಿಸು 4. ಅವನು ಹೇಳುತ್ತಾ ಹೋಗುತ್ತಾನೆ: ನಾಲ್ಕೈದಲೆ 20, ಎರಡು ದಶಕ. ಎರಡಕ್ಕೆ ಮೂರು ಸೇರಿಸಿದರೆ ಐದು. ನಾಲ್ಕೈದಲೆ 20. ಉತ್ತರ: 200.

ಇದನ್ನು ನೀವೂ ಒಂದು ಕಾಗದದ ಮೇಲೆ ಬರೆದು ನೋಡಿ. ಅವನು ಕೈಯಲ್ಲಿದ್ದ ದಶಕವನ್ನು ಗುಣಿಸುವ ಮೊದಲೇ ಕೂಡಿಸಿಬಿಟ್ಟ. ಕ್ರಮ ತಪ್ಪಿತು, ಅಷ್ಟೆ. ಆದರೆ ನಾಲ್ಕು ಕಾಯಿಗೆ 200 ಅಂತ ಬಂದಾಗ ಅವನಿಗೆ ‘ಅಯ್ಯೋ ಇದೇನಿದು’ ಅನ್ನಿಸಲಿಲ್ಲ. ಯಾಕಂದ್ರೆ ಕಾಗದದ ಮೇಲೆ ಕಾಯಿಯೇ ಇರಲಿಲ್ಲ. 1985ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬೀದಿಯ ಲೆಕ್ಕದಲ್ಲಿ ಮಕ್ಕಳ ಉತ್ತರ 98.2 ಶೇಕಡಾ ಸರಿ. ಕಾಗದದ ಮೇಲಿನ ಬರಿಯ ಲೆಕ್ಕದಲ್ಲಿ 36.8 ಶೇಕಡಾ.

ಐದೇ ಮಕ್ಕಳ ಅಧ್ಯಯನ ಅಂತ ಯಾರಾದರೂ ಮೂಗು ಮುರಿಯಬಹುದು. ಹತ್ತಿರದಿಂದ, ತಾಳ್ಮೆಯಿಂದ ಕಿವಿಗೊಟ್ಟರೆ ಐವರಿಂದಲೇ ಒಂದು ಹೊಸ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ 40 ವರ್ಷ ಬದುಕಿತು. 2025ರಲ್ಲಿ ಬ್ಯಾನರ್ಜಿ, ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಮತ್ತು ಎಲಿಜಬೆತ್ ಸ್ಪೆಲ್ಕಿ ಎಂಬ ಮನೋವಿಜ್ಞಾನಿ ಸೇರಿ ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಜೊತೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ನೋಡಿದರು. ವ್ಯಾಪಾರದ ಕಷ್ಟದ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ಸುಲಭದ ಲೆಕ್ಕದಲ್ಲಿ ಸೋಲುತ್ತಿದ್ದರು. ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ವ್ಯಾಪಾರ ಮಾಡದ ಶಾಲಾ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕೊಟ್ಟರು. ಅವರು ಅಲ್ಲಿ ಸೋತರು. ಸೇತುವೆ ಎರಡೂ ಕಡೆಯಿಂದ ಮುರಿದಿತ್ತು.

ಇಲ್ಲೂ ಪ್ರಶ್ನೆ ಬದಲಾದದ್ದನ್ನು ಗಮನಿಸಿ. ‘ಬಡ ಮಕ್ಕಳಿಗೆ ಗಣಿತ ಯಾಕೆ ಬರುವುದಿಲ್ಲ?’ ಅಂತ ಶುರುವಾದದ್ದು, ‘ಬರುತ್ತಿರುವ ಗಣಿತ ಶಾಲೆಯ ಬಾಗಿಲಲ್ಲಿ ಯಾಕೆ ನಿಂತುಬಿಡುತ್ತದೆ?’ ಅಂತ ಆಯಿತು. ಮೊದಲನೆಯ ಪ್ರಶ್ನೆ ಮಗುವನ್ನು ಅವಮಾನಿಸುತ್ತದೆ. ಎರಡನೆಯದು ನಮಗೆ ಕೆಲಸ ಕೊಡುತ್ತದೆ.

ಪಠ್ಯಪುಸ್ತಕದ ಒಂದು ಸಣ್ಣ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಅದೇ ಕೀನ್ಯಾದಲ್ಲಿ, ಪುಸ್ತಕ ಇಲ್ಲದ ಶಾಲೆಗಳಿಗೆ ಪುಸ್ತಕ ಕೊಟ್ಟು ನೋಡಿದರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಅದು ಬಹಳಷ್ಟು ಮಕ್ಕಳಿಗೆ ಮೂರನೇ ಭಾಷೆ. ಪುಸ್ತಕ ಎಷ್ಟು ಕೊಟ್ಟೆವು ಅಂತ ಎಣಿಸುವ ಲೆಕ್ಕದ ಪಕ್ಕದಲ್ಲಿ ಒಬ್ಬ ಭಾಷಾ ಶಿಕ್ಷಕರು ಮೊದಲ ದಿನವೇ ಕೂತಿದ್ದರೆ ಏನು ಕೇಳುತ್ತಿದ್ದರು ಅಂತ ನಿಮಗೇ ಗೊತ್ತು.

ಸಮಾಜದ ಕಡೆಗೆ ಬರೋಣ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂತಾಲ್ ಎಂಬ ಚಿಕ್ಕ ಜಾಗ. ಬಟ್ಟೆ ಗಿರಣಿಯೇ ಊರಿನ ಜೀವ. ಆರ್ಥಿಕ ಕುಸಿತದ ಕಾಲದಲ್ಲಿ ಗಿರಣಿ ಮುಚ್ಚಿತು. ಹೆಚ್ಚುಕಡಿಮೆ ಇಡೀ ಊರಿಗೆ ಕೆಲಸ ಹೋಯಿತು. 1931ರ ಕೊನೆಯಲ್ಲಿ ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಅವರ ತಂಡ ಅಲ್ಲಿಗೆ ಹೋಯಿತು. ಪುಸ್ತಕ ಬಂದದ್ದು 1933ರಲ್ಲಿ.

ಕೆಲಸ ಇಲ್ಲದವರಿಗೆ ಪುರುಸೊತ್ತು ಇರುತ್ತದೆ, ಓದುತ್ತಾರೆ, ಸಭೆ ಸೇರುತ್ತಾರೆ, ಸಿಟ್ಟಾಗಿ ಬೀದಿಗಿಳಿಯುತ್ತಾರೆ ಅನ್ನುವ ಊಹೆ ಆಗ ಇತ್ತು. ತಂಡ ಗ್ರಂಥಾಲಯದ ಪುಸ್ತಕ ನೋಡಿತು. ಎರಡು ವರ್ಷದಲ್ಲಿ ಜನ ಎರವಲು ಪಡೆಯುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು, ಶುಲ್ಕ ತೆಗೆದುಹಾಕಿದ ಮೇಲೂ. ಆಮೇಲೆ ಒಬ್ಬರು ಕೈಯಲ್ಲಿ ಗಡಿಯಾರ ಹಿಡಿದು ಮುಖ್ಯರಸ್ತೆ ಕಾಣುವ ಕಿಟಕಿಯ ಹಿಂದೆ ನಿಂತರು. ಯಾರು ಎಷ್ಟು ವೇಗದಲ್ಲಿ ನಡೆಯುತ್ತಾರೆ, ದಾರಿಯಲ್ಲಿ ಎಷ್ಟು ಸಲ ನಿಲ್ಲುತ್ತಾರೆ ಅಂತ ಬರೆದುಕೊಂಡರು. ಗಂಡಸರು ನಿಂತು ನಿಂತು ನಡೆಯುತ್ತಿದ್ದರು. ಹೆಂಗಸರು ಬೇಗ ನಡೆದು ಹೋಗುತ್ತಿದ್ದರು. ಗಿರಣಿ ಮುಚ್ಚಿದರೂ ಮನೆಗೆಲಸ ಮುಚ್ಚಿರಲಿಲ್ಲ, ಅಲ್ವಾ? ಗಂಡಸರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ನಿರುದ್ಯೋಗ ಅಂದರೆ ಕೈಯಲ್ಲಿ ದುಡ್ಡು ಇಲ್ಲದಿರುವುದು ಎಂಬ ತಿಳಿವಳಿಕೆಗೆ, ಅದು ಸಮಯವನ್ನೂ ಕಿತ್ತುಕೊಳ್ಳುತ್ತದೆ ಎಂಬುದು ಸೇರಿತು.

ಆ ತಂಡಕ್ಕೆ ಒಂದು ನಿಯಮ ಇತ್ತು. ಸುಮ್ನೆ ನೋಡಿಕೊಂಡು ಹೋಗಲು ಯಾರೂ ಆ ಊರಿಗೆ ಕಾಲಿಡಬಾರದು. ಪ್ರತಿಯೊಬ್ಬರೂ ಊರಿಗೆ ಬೇಕಾದ ಏನಾದರೂ ಕೆಲಸ ಮಾಡಬೇಕು. ಬಟ್ಟೆ ಹಂಚಿದರು, ವೈದ್ಯರನ್ನು ಕರೆಸಿ ನೋಡಿಸಿದರು, ಹೊಲಿಗೆಯ ತರಗತಿ ನಡೆಸಿದರು. ಅದರ ನಡುವೆಯೇ ಮಾಹಿತಿ ಸಿಕ್ಕಿತು. ಈ ನಿಯಮವನ್ನು ಪ್ರತಿ ಸಂಶೋಧನಾ ವಿಭಾಗದ ಗೋಡೆಯ ಮೇಲೆ ಬರೆದು ಹಾಕಬೇಕು ಅಂತ ನನ್ನ ಆಸೆ.

ಕೆಲಸದ ಕ್ಷೇತ್ರದಿಂದ ಒಂದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ತಪಾಸಣಾ ಪಟ್ಟಿ ತಂದಿತು. ವಿಮಾನ ಚಾಲಕರು ಹಾರುವ ಮೊದಲು ಓದುವ ಪಟ್ಟಿಯ ಹಾಗೆ. ಅದರಲ್ಲಿ ಒಂದು ಅಂಶ: ಕೊಯ್ಯುವ ಮೊದಲು ಕೋಣೆಯಲ್ಲಿ ಇರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. 8 ನಗರಗಳ 8 ಆಸ್ಪತ್ರೆಗಳಲ್ಲಿ ನೋಡಿದಾಗ ಸಾವಿನ ಪ್ರಮಾಣ 1.5 ಶೇಕಡಾದಿಂದ 0.8ಕ್ಕೆ ಇಳಿದಿತ್ತು. ಆಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಸ್ಪತ್ರೆಗಳು ಇಂಥದೇ ಪಟ್ಟಿಯನ್ನು ಅಳವಡಿಸಿಕೊಂಡವು. 2014ರ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಹೆಚ್ಚುಕಡಿಮೆ ಅದೇ. ಕಾಗದದ ಮೇಲೆ ಗುರುತು ಹಾಕುವುದು ಬೇರೆ, ಒಬ್ಬ ದಾದಿ ಹಿರಿಯ ಸರ್ಜನ್‌ಗೆ ‘ಸ್ವಲ್ಪ ತಡೆಯಿರಿ’ ಅಂತ ಹೇಳಲು ಧೈರ್ಯ ಬರುವುದು ಬೇರೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಅರಿಯಲು ವೈದ್ಯಶಾಸ್ತ್ರ ಒಂದೇ ಸಾಲದು. ಜನ ಒಟ್ಟಿಗೆ ಹೇಗೆ ಕೆಲಸ ಮಾಡುತ್ತಾರೆ, ಯಾರು ಯಾರಿಗೆ ಹೆದರುತ್ತಾರೆ ಅಂತ ಓದಿದವರು ಬೇಕು.

ಹಾಗಾದರೆ ನಾವು ಏನು ಮಾಡಬೇಕು? ನನಗೆ ಉಪಯೋಗಕ್ಕೆ ಬಂದ ಒಂದು ಸಂಗತಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಯೋಜನೆಯಲ್ಲಿ ಇದ್ದೆ. ಶಿಕ್ಷಣದವರು, ಮಕ್ಕಳ ಆರೋಗ್ಯದವರು, ಅಂಕಿಅಂಶದವರು, ಒಬ್ಬ ಶಾಲಾ ಶಿಕ್ಷಕಿ. ಮೂರು ತಿಂಗಳು ಸಭೆ ನಡೆಯಿತು. ಎಲ್ಲರೂ ‘ಹಾಜರಿ’ ಎಂಬ ಪದ ಬಳಸುತ್ತಿದ್ದರು. ಫಾರಂ ಅಚ್ಚಾಗುವ ಹಂತಕ್ಕೆ ಬಂದಾಗ, ಶಿಕ್ಷಕಿ ಒಂದು ಮಾತು ಕೇಳಿದರು: ‘ಹಾಜರಿ ಅಂದ್ರೆ ಯಾವುದು ಬರೀಬೇಕು?’ ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಅರ್ಥ ಬರೆಯೋಣ ಅಂದೆವು. ಅಂಕಿಅಂಶದವರಿಗೆ ಅದು ಪುಸ್ತಕದಲ್ಲಿ ಬಿದ್ದ ಗುರುತು. ಆರೋಗ್ಯದವರಿಗೆ ಕಾಯಿಲೆ ಇಲ್ಲದ ದಿನ. ನನಗೆ ಮಗು ದಿನವಿಡೀ ತರಗತಿಯಲ್ಲಿ ಇದ್ದದ್ದು. ಶಿಕ್ಷಕಿ ಬರೆದದ್ದು: ‘ಬಂದು, ಕೂತು, ಒಂದು ಸಲವಾದರೂ ಬಾಯಿ ಬಿಟ್ಟದ್ದು.’

ಮೂರು ತಿಂಗಳು ನಾವು ನಾಲ್ಕು ಬೇರೆ ಬೇರೆ ವಿಷಯದ ಬಗ್ಗೆ ಮಾತಾಡಿ ತಲೆಯಾಡಿಸಿದ್ದೆವು. ಅವತ್ತಿನಿಂದ ನಾನು ಯಾವ ಕೆಲಸಕ್ಕೆ ಸೇರಿದರೂ ಮೊದಲ ದಿನ ಈ ಚೀಟಿ ಬರೆಸುತ್ತೇನೆ. ನಾಲ್ಕೈದು ಮುಖ್ಯ ಪದಗಳು ಸಾಕು. ಕಲಿಕೆ, ಬಡತನ, ಸುಧಾರಣೆ, ಹಾಜರಿ, ಯಶಸ್ಸು. ಮಾಹಿತಿ ಸಂಗ್ರಹ ಶುರುವಾಗುವ ಮೊದಲೇ ಇದು ಆಗಬೇಕು. ಆಮೇಲೆ ಆದರೆ ಫಾರಂ ಬದಲಿಸಲು ಯಾರಿಗೂ ಮನಸ್ಸಿರುವುದಿಲ್ಲ, ದುಡ್ಡೂ ಇರುವುದಿಲ್ಲ.

ಇನ್ನೊಂದು ಮಾತು, ಚಿಕ್ಕವರಿಗೆ. ನಿಮ್ಮ ಸ್ವಂತ ವಿಷಯವನ್ನು ಗಟ್ಟಿಯಾಗಿ ಕಲಿಯಿರಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವರಿಂದ ಈ ಕೆಲಸ ಆಗುವುದಿಲ್ಲ. ಪ್ಯಾಟರ್ಸನ್ ಸೀಸ ಅಳೆಯುವುದರಲ್ಲಿ ಪಳಗಿದವರಾಗಿದ್ದರಿಂದಲೇ ಆ ಧೂಳು ಅವರ ಕಣ್ಣಿಗೆ ಬಿತ್ತು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಲೇಖನದಲ್ಲಿ ಯಾರ ಹೆಸರು ಮೊದಲು ಹಾಕಬೇಕು ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ ಕೇಳಿದರು. ಮೊದಲ ವಾರವೇ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ ಅಂದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತರು.

‘ಮೇಡಂ, ಸಂಶೋಧನೆ ಮಾಡೋರು ಬರ್ತಾರೆ, ಫಾರಂ ತುಂಬಿಸಿಕೊಂಡು ಹೋಗ್ತಾರೆ, ಮತ್ತೆ ಮುಖ ತೋರಿಸೋದಿಲ್ಲ. ನಮ್ಮ ಹತ್ರಾನೂ ಪ್ರಶ್ನೆ ಇದೆ. ಅದನ್ನ ಯಾರೂ ಕೇಳೋದಿಲ್ಲ.’

‘ಈಗ ಕೇಳ್ತಿದ್ದೀನಿ, ಹೇಳಿ’ ಅಂದೆ.

‘ಮಧ್ಯಾಹ್ನದ ಮೇಲೆ ನಮ್ಮ ತರಗತಿಯ ಮಕ್ಕಳು ಓದೋದೇ ಇಲ್ಲ. ಯಾಕೆ?’

ನಾನು ಅದನ್ನು ಬೋರ್ಡಿನ ಮೇಲೆ ಬರೆದೆ. ಬಿಸಿಲಿನ ಬಗ್ಗೆ ಒಂದು ಅಧ್ಯಯನ ನೆನಪಾಯಿತು. ಅಮೆರಿಕದಲ್ಲಿ ಸುಮಾರು 1 ಕೋಟಿ ವಿದ್ಯಾರ್ಥಿಗಳ ಪರೀಕ್ಷೆಯ ಅಂಕ ನೋಡಿ, ಸೆಕೆ ಜಾಸ್ತಿ ಇದ್ದ ವರ್ಷ ಕಲಿಕೆ ಕುಗ್ಗುತ್ತದೆ, ಹವಾನಿಯಂತ್ರಣ ಇದ್ದ ಶಾಲೆಗಳಲ್ಲಿ ಅಷ್ಟು ಕುಗ್ಗುವುದಿಲ್ಲ ಅಂತ 2020ರಲ್ಲಿ ಪ್ರಕಟಿಸಿದ್ದರು. ಅದನ್ನು ಹೇಳಿದೆ. ಆರೋಗ್ಯ ವಿಭಾಗದ ಒಬ್ಬರು ಊಟವಾದ ಮೇಲೆ ಬರುವ ಜೊಂಪಿನ ಬಗ್ಗೆ ಹೇಳಿದರು. ಕಟ್ಟಡ ವಿನ್ಯಾಸ ಓದುತ್ತಿರುವ ಹುಡುಗ, ಕಿಟಕಿ ಯಾವ ದಿಕ್ಕಿಗಿದೆ ಅಂತ ಕೇಳಿದ. ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಯಾವ ವಿಷಯ ಬರುತ್ತದೆ ಅಂತ ಇನ್ನೊಬ್ಬರು. ಎಲ್ಲವನ್ನೂ ಬರೆಯುತ್ತಾ ಹೋದೆ.

ಶಿಕ್ಷಕಿ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ‘ಇದೆಲ್ಲ ಇರಬಹುದು. ಆದ್ರೆ ನಮ್ಮ ಪಕ್ಕದ ತರಗತಿಯೋರು ಮಧ್ಯಾಹ್ನ ಚೆನ್ನಾಗಿ ಓದ್ತಾರೆ. ಅದೇ ಬಿಸಿಲು, ಅದೇ ಊಟ, ಅದೇ ಕಿಟಕಿ.’

ನಾನು ಬೋರ್ಡಿನ ಮೇಲೆ ಬರೆದಿದ್ದನ್ನು ಒರೆಸಿ, ಎರಡು ತರಗತಿಗಳ ಚಿತ್ರ ಬರೆದು, ಅವರ ಕೈಗೇ ಸೀಮೆಸುಣ್ಣ ಕೊಟ್ಟೆ.